ಸ್ವಂತ ಆವರಣವಿಲ್ಲದವರ ನಡಿಗೆ

ನಮ್ಮ ಕಟ್ಟಡದಲ್ಲಿ ಅವರನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಾರೆ. ಅವರ ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವರು. ನೀರಿಗೂ ಮೀಟರಿಗೂ ಅವರಿಗೆ ಯಾವ ಸಂಬಂಧವೂ ಇಲ್ಲ. ಆದರೂ ಮದುವೆಯಾದ ತಪ್ಪಿಗೆ ಅವರು ಮೀಟರಕ್ಕ ಆಗಿದ್ದಾರೆ. ಮೂರನೇ ಮಹಡಿಯಲ್ಲಿ ಅವರ ಮನೆ. ಮನೆ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ನಾನು ಒಂದನೇ ಮಹಡಿಯಲ್ಲಿದ್ದೇನೆ. ಮೀಟರಣ್ಣ ಕೆಲಸ ಮಾಡುವ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ನೀರಿನ ಮಾದರಿ ಪರೀಕ್ಷಿಸುವುದು ನನ್ನ ಕೆಲಸ.

ಮೀಟರಣ್ಣ ಮೂವತ್ತೊಂದು ವರ್ಷ ನಡೆದಿದ್ದಾರೆ. ದಿನಕ್ಕೆ ಸುಮಾರು ನೂರಿಪ್ಪತ್ತು ಮನೆ, ಹನ್ನೊಂದು ಕಿಲೋಮೀಟರ್. ಹೆಗಲಿಗೊಂದು ಚೀಲ, ಚೀಲದಲ್ಲಿ ಟಾರ್ಚು, ಗಾಜು ಒರೆಸಲು ಹಳೆ ಬಟ್ಟೆ, ಕೋಲಿಗೆ ಕಟ್ಟಿದ ಒಂದು ಪುಟ್ಟ ಕನ್ನಡಿ. ಗೋಡೆಗೆ ಮುಖ ಮಾಡಿ ಕೂರಿಸಿದ ಮೀಟರುಗಳನ್ನು ಓದಲು ಆ ಕನ್ನಡಿ. ಅಂಕಿಗಳನ್ನು ತಿರುಗುಮುರುಗಾಗಿ ಓದಿ ಅಭ್ಯಾಸವಾಗಿ, ಈಗ ಅವರಿಗೆ ಪತ್ರಿಕೆಯನ್ನು ಕನ್ನಡಿಯಲ್ಲಿ ಹಿಡಿದು ತೋರಿಸಿದರೂ ಸರಾಗವಾಗಿ ಓದುತ್ತಾರೆ.

ಅವರಿಗೆ ಇನ್ನೊಂದು ಅಭ್ಯಾಸವಿದೆ: ಹೆಜ್ಜೆ ಎಣಿಸುವುದು. ಇದು ಅವರ ವೃತ್ತಿಯವರಿಗೆಲ್ಲ ಇರುತ್ತದಂತೆ. ಮೀಟರುಗಳು ಮನೆಯ ಮುಂದೆಯೇ ಇರುತ್ತವೆ ಎಂದೇನಿಲ್ಲ. ಹಿತ್ತಲಲ್ಲಿ, ಗಿಡಗಳ ಮರೆಯಲ್ಲಿ, ಚಪ್ಪಡಿ ಕಲ್ಲಿನ ಕೆಳಗೆ ಎಲ್ಲೆಂದರಲ್ಲಿ ಇರುತ್ತವೆ. ಗೇಟಿನಿಂದ ಎಷ್ಟು ಹೆಜ್ಜೆ, ಎತ್ತ ತಿರುಗಬೇಕು ಎಂಬುದು ನೆನಪಿದ್ದರೆ ಮಾತ್ರ ದಿನಕ್ಕೆ ನೂರಿಪ್ಪತ್ತು ಮನೆ ಮುಗಿಯುತ್ತದೆ. ಒಮ್ಮೆ ಪ್ರಯೋಗಾಲಯದ ಓಣಿಯಲ್ಲಿ ಅವರನ್ನು ಹತ್ತು ಸಲ ನಡೆಸಿ ನಾನೇ ಅಳೆದಿದ್ದೇನೆ. ಒಂದು ಹೆಜ್ಜೆಗೆ ಎಪ್ಪತ್ತು ಸೆಂಟಿಮೀಟರ್. ಹತ್ತು ಸಲದಲ್ಲಿ ಬಂದ ವ್ಯತ್ಯಾಸ ಒಂದು ಸೆಂಟಿಮೀಟರ್ ಮಾತ್ರ. ನಮ್ಮ ಕೆಲವು ಉಪಕರಣಗಳಿಗೂ ಅಷ್ಟು ನಿಖರತೆ ಇಲ್ಲ.

ಆದರೆ ಮನೆಯಲ್ಲಿರುವವರು ಯಾರು ಎಂದು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಅವರ ಹಾಳೆಯಲ್ಲಿ ಮನೆಗೆ ಹೆಸರಿಲ್ಲ, ನೀರಿನ ಸಂಪರ್ಕದ ಸಂಖ್ಯೆ ಇದೆ. "ನಾಲ್ಕು ನೂರಾ ಹನ್ನೆರಡರ ನಾಯಿ ಕಚ್ಚುತ್ತೆ, ನಾಲ್ಕು ನೂರಾ ಹದಿನೈದರದ್ದು ಬರೀ ಬೊಗಳುತ್ತೆ" ಎನ್ನುತ್ತಾರೆ. ಆ ನಾಲ್ಕು ನೂರಾ ಹದಿನೈದರಲ್ಲಿ ಒಬ್ಬ ದೊಡ್ಡ ಶಸ್ತ್ರವೈದ್ಯರಿದ್ದಾರೆ ಎಂದು ನಾನು ಹೇಳಿದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

ಐವತ್ತೇಳನೇ ವಯಸ್ಸಿನಲ್ಲಿ ಅವರ ಎಡಗಾಲಿನ ಮೀನಖಂಡ ನೋಯಲು ಶುರುವಾಯಿತು. ನಡೆದರೆ ನೋವು, ನಿಂತರೆ ಮಾಯ. ಮೊದಲು ವಯಸ್ಸಾಯಿತು ಅಂದುಕೊಂಡರು. ಆಮೇಲೆ ಮೀಟರಕ್ಕ ಬೈದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಲಿಗೆ ರಕ್ತ ಒಯ್ಯುವ ನಾಳ ಕಿರಿದಾಗಿತ್ತು. ನೂರಮೂವತ್ತು ಮೀಟರ್ ನಡೆಯುವಷ್ಟರಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು.

ವೈದ್ಯರು ಮಾತ್ರೆ ಬರೆದರು. ಆದರೆ ಮುಖ್ಯ ಔಷಧಿ ಅದಲ್ಲ ಎಂದರು. "ನಡೀಬೇಕು. ನೋವು ಬರೋವರೆಗೆ ನಡೀರಿ, ಬಂದಮೇಲೂ ತಡೆಯೋಕಾಗೋಷ್ಟು ನಡೀರಿ. ಆಮೇಲೆ ನಿಲ್ಲಿ. ಹೋದಮೇಲೆ ಮತ್ತೆ ನಡೀರಿ. ದಿನಾ ನಲವತ್ತು ನಿಮಿಷ. ಸುತ್ತಲಿನ ಸಣ್ಣ ನಾಳಗಳು ದಾರಿ ಮಾಡ್ಕೊಳ್ತವೆ." ನಿಂತು ನಿಂತು ನಡೆಯುವ ಈ ಚಿಕಿತ್ಸೆ ಹೊಸದೇನಲ್ಲ, ಚೆನ್ನಾಗಿ ಪರೀಕ್ಷೆಯಾಗಿರುವಂಥದ್ದು. ನಿಲ್ಲದೆ ಮುನ್ನೂರು ಮೀಟರ್ ನಡೆಯುವಂತಾದರೆ ಮತ್ತೆ ಮೀಟರ್ ಓದಲು ಹೋಗಬಹುದೆಂದು ಯೋಗ್ಯತಾಪತ್ರ ಕೊಡುತ್ತೇನೆ ಎಂದರು ವೈದ್ಯರು. ಆಗದಿದ್ದರೆ ಉಳಿದ ಸೇವೆಯೆಲ್ಲ ಕುರ್ಚಿಯಲ್ಲಿ. ಅದಕ್ಕಿಂತ ಹದಗೆಟ್ಟರೆ ಶಸ್ತ್ರಕ್ರಿಯೆ.

ಮೀಟರಣ್ಣ ಒಂದು ಹಾಳೆಯಲ್ಲಿ ದಿನದಿನದ ದೂರ ಬರೆಯತೊಡಗಿದರು. ಹತ್ತು ವಾರದಲ್ಲಿ ನೂರಮೂವತ್ತು ಇದ್ದದ್ದು ಇನ್ನೂರ ನಲವತ್ತಾಯಿತು. ಬೇಕಾಗಿದ್ದದ್ದು ಇನ್ನು ಅರವತ್ತು ಮೀಟರ್.

ಆಗ ಸಾಂಕ್ರಾಮಿಕ ಬಂತು, ಅದರ ಹಿಂದೆಯೇ ಲಾಕ್‌ಡೌನ್ ಬಂತು.

ಆದೇಶದ ಆ ಭಾಗವನ್ನು ನಾನು ಇಟ್ಟುಕೊಂಡಿದ್ದೇನೆ. ಸಾರ್ವಜನಿಕ ರಸ್ತೆ ಮತ್ತು ಉದ್ಯಾನಗಳಲ್ಲಿ ನಡಿಗೆ, ಓಟ, ಸೈಕಲ್ ಸವಾರಿ ಹಾಗೂ ಇತರೆ ವ್ಯಾಯಾಮ ನಿಷಿದ್ಧ. ನಾಗರಿಕರು ತಮ್ಮ ಸ್ವಂತ ಆವರಣದೊಳಗೆ ವ್ಯಾಯಾಮ ಮಾಡತಕ್ಕದ್ದು. ಸಾಕುನಾಯಿಗಳನ್ನು ದಿನಕ್ಕೆರಡು ಬಾರಿ, ತಲಾ ಇಪ್ಪತ್ತು ನಿಮಿಷ ಹೊರಗೆ ಕರೆದೊಯ್ಯಬಹುದು.

ಸ್ವಂತ ಆವರಣ. ಇದನ್ನು ಬರೆದವರು ಎಂಥ ಮನೆಯಲ್ಲಿ ಕುಳಿತು ಬರೆದಿರಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಕಟ್ಟಡದ ಪ್ರತಿ ಮಹಡಿಯಲ್ಲಿ ಎಂಟು ಕೋಣೆ, ಎಂಟು ಸಂಸಾರ. ನಡುವೆ ಒಂದು ಓಣಿ. ಉದ್ದ ಹದಿನೆಂಟು ಹೆಜ್ಜೆ, ಅಗಲ ಇಬ್ಬರು ಮೈ ತಾಗದೆ ದಾಟಲಾರದಷ್ಟು. ಓಣಿಯ ಕೊನೆಯಲ್ಲಿ ನಲ್ಲಿ, ಶೌಚಾಲಯ, ಮತ್ತು ಇಡೀ ಮಹಡಿಗೆ ಒಂದೇ ಕಿಟಕಿ. ಮಹಡಿಗೆ ಮೂವತ್ತು ಜನರಾದರೂ ಇದ್ದಾರೆ. ಎಲ್ಲರೂ ಒಬ್ಬರ ಉಸಿರನ್ನೊಬ್ಬರು ಹಂಚಿಕೊಂಡೇ ಬದುಕುವುದು. ಹೊರಗೆ ನಮ್ಮ ಬೀದಿ ಒಂಬತ್ತು ಮೀಟರ್ ಅಗಲ, ಅದರ ಮೇಲೆ ಆಕಾಶ, ಬೆಳಿಗ್ಗೆ ಐದೂವರೆಗೆ ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಉಸಿರಿನಿಂದ ಹರಡುವ ರೋಗ ಬಂದಾಗ ಜನರನ್ನು ಬೀದಿಯಿಂದ ಎತ್ತಿ ಓಣಿಗೆ ತುಂಬುವುದು ಯಾವ ವಿಜ್ಞಾನ ಎಂದು ಕೇಳಲು ನನಗೆ ಯಾರೂ ಸಿಗಲಿಲ್ಲ. ಸಹಾಯವಾಣಿಗೆ ಕರೆ ಮಾಡಿದೆ. ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದು ಧ್ವನಿಮುದ್ರಿಕೆ ಹೇಳಿತು.

ಮೀಟರಣ್ಣ ನಿಯಮ ಮುರಿಯುವ ಜನ ಅಲ್ಲ. ಓಣಿಯಲ್ಲೇ ನಡೆದರು. ಹದಿನೆಂಟು ಹೆಜ್ಜೆ, ತಿರುಗು, ಹದಿನೆಂಟು ಹೆಜ್ಜೆ, ತಿರುಗು. ಪ್ರತಿ ತಿರುವಿಗೂ ಕಾಲಿಗೆ ಅರೆಕ್ಷಣ ಬಿಡುವು ಸಿಕ್ಕಿ, ಬರಬೇಕಾದ ನೋವು ಬರುತ್ತಿರಲಿಲ್ಲ. ನೋವೇ ಬಾರದಿದ್ದರೆ ಆ ನಡಿಗೆ ಔಷಧಿಯಾಗುವುದಿಲ್ಲ.

ಒಂಬತ್ತನೇ ದಿನ ಮೂಲೆಮನೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಅವರಿಗೆ ಎಂಬತ್ತು ದಾಟಿದೆ, ಉಬ್ಬಸವಿದೆ.

"ಏನಪ್ಪಾ, ಗಡಿಯಾರದ ಲೋಲಕ ಆಗಿಬಿಟ್ಟಿದ್ದೀಯಲ್ಲ. ನಿನ್ನ ನೋಡಿ ನೋಡಿ ನನಗೆ ತಲೆ ಸುತ್ತುತ್ತೆ."

"ಇನ್ನು ಹತ್ತು ನಿಮಿಷ ಅಜ್ಜಿ."

"ನಿನ್ನ ಹತ್ತು ನಿಮಿಷದಲ್ಲಿ ನನ್ನ ಬಾಗಿಲ ಮುಂದೆ ನಲವತ್ತು ಸಲ ಉಸಿರು ಬಿಡ್ತೀಯ. ನಾನು ಬಾಗಿಲು ಹಾಕಿದ್ರೆ ಸೆಕೆಗೆ ಸಾಯ್ತೀನಿ, ತೆಗೆದ್ರೆ ನಿನ್ನಿಂದ ಸಾಯ್ತೀನಿ. ಯಾವುದಾಗಲಿ ಹೇಳು."

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಮೀಟರಣ್ಣನಿಗೂ ಅದು ಗೊತ್ತಿತ್ತು. ಅಂದಿನಿಂದ ಓಣಿ ಬಿಟ್ಟರು. ಕೋಣೆಯೊಳಗೆ ಮಂಚದಿಂದ ಒಲೆಗೆ ಐದು ಹೆಜ್ಜೆ.

ಹತ್ತೊಂಬತ್ತನೇ ದಿನದ ಬೆಳಿಗ್ಗೆ ಅವರು ಮುಖಗವಸು ಹಾಕಿಕೊಂಡು ಮೊದಲ ಸಲ ಬೀದಿಗಿಳಿದರು. ತೊಂಬತ್ತಾರು ಮೀಟರಿಗೆ ಕಾಲು ಹಿಡಿಯಿತು. ಹತ್ತು ವಾರದ ಗಳಿಕೆಯೆಲ್ಲ ನೀರಿನಲ್ಲಿ ಹೋಮವಾಗಿ, ಶುರು ಮಾಡಿದ್ದಕ್ಕಿಂತಲೂ ಹಿಂದಕ್ಕೆ ಬಂದು ನಿಂತಿದ್ದರು. ಎರಡು ಕಡೆ ನಿಂತು ಸುಧಾರಿಸಿಕೊಂಡು ಬೀದಿಯ ತುದಿ ಮುಟ್ಟಿದರು. ಅಲ್ಲಿ ಅಡ್ಡಗಟ್ಟೆ ಇಟ್ಟು ಒಬ್ಬ ಪೊಲೀಸ್ ಪೇದೆ ಕುಳಿತಿದ್ದರು.

"ಏನ್ರೀ, ಕಂಬಕ್ಕೊಂದು ಸಲ ನಿಂತು ನಿಂತು ಬರ್ತಿದ್ದೀರಿ. ಕಂಬ ಎಣಿಸ್ತಿದ್ದೀರಾ?"

ಮೀಟರಣ್ಣ ಕಾಲಿನ ಕಥೆ ಹೇಳಿ ವೈದ್ಯರ ಚೀಟಿ ತೋರಿಸಿದರು. ಪೇದೆ ಅದನ್ನು ಪೂರ್ತಿ ಓದಿದರು.

"ಚೀಟಿ ಸರಿ ಇದೆ. ಆದ್ರೆ ಪಾಸ್ ಎಲ್ಲಿ?"

"ಯಾವ ಪಾಸ್ ಸಾರ್?"

"ಔಷಧಿಗೆ, ದಿನಸಿಗೆ, ಡ್ಯೂಟಿಗೆ, ನಾಯಿಗೆ. ನಾಲ್ಕರಲ್ಲಿ ಒಂದು ಇರಬೇಕು."

ಅಷ್ಟರಲ್ಲಿ ಎದುರಿನ ಬೀದಿಯಿಂದ ಒಬ್ಬರು ಕಂದು ಬಣ್ಣದ ದಪ್ಪ ನಾಯಿ ಹಿಡಿದುಕೊಂಡು ಬಂದರು. ಪಾಸ್ ತೋರಿಸಿದರು, ಪೇದೆ ತಲೆಯಾಡಿಸಿದರು, ಅವರು ಮುಂದೆ ಹೋದರು. ನಾಯಿಗೆ ನಡೆಯುವ ಮನಸ್ಸಿರಲಿಲ್ಲ. ಯಜಮಾನರು ಅದನ್ನು ಎಳೆದುಕೊಂಡು ಹೋಗುತ್ತಿದ್ದರು.

ಮೀಟರಣ್ಣ ಅಂದು ತಿರುಗಿ ಬಂದವರು ನನ್ನ ಬಾಗಿಲಲ್ಲಿ ದೂರ ನಿಂತು ಒಂದು ಗೆರೆ ಹಾಕಿದ ದೊಡ್ಡ ಹಾಳೆ ಕೇಳಿದರು. "ಅರ್ಜಿ ಬರೀಬೇಕು ಮೇಡಂ. ನಾಲ್ಕರಲ್ಲಿ ನನ್ನದು ಇಲ್ಲ ಅಂತ ಗೊತ್ತಾಗಿಲ್ಲ ಅವರಿಗೆ. ಗೊತ್ತಾದ್ರೆ ಸೇರಿಸ್ತಾರೆ." ಕೋಪದ ಸುಳಿವೂ ಇರಲಿಲ್ಲ. ಅವರಿಗೆ ಆಗ ಬೇಕಾಗಿದ್ದದ್ದು ಮುಂಜಾನೆಯ ನಲವತ್ತು ನಿಮಿಷ, ಅಷ್ಟೇ.

ಅರ್ಜಿ ಎಂದರೆ ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆ? ಮಾನ್ಯರೇ, ತಮ್ಮಲ್ಲಿ ಕಳಕಳಿಯ ವಿನಂತಿ, ಇತ್ಯಾದಿ. ಮೀಟರಣ್ಣನಿಗೆ ಹಾಗೆ ಬರೆದು ಗೊತ್ತಿಲ್ಲ. ಅವರು ಬರೆಯುವುದು ಒಂದೇ ಬಗೆ, ರೀಡಿಂಗ್ ಹಾಳೆಯ ಬಗೆ. ಸಂಪರ್ಕ ಸಂಖ್ಯೆ ಒಂದು ಅಂಕಣ. ಹಿಂದಿನ ರೀಡಿಂಗ್ ಇರುವಲ್ಲಿ ಗೇಟಿನಿಂದ ಮೀಟರಿಗೆ ಎಷ್ಟು ಹೆಜ್ಜೆ ಎಂದು ಬರೆದರು. ಈಗಿನ ರೀಡಿಂಗ್ ಇರುವಲ್ಲಿ ಮನೆಯನ್ನು ಒಂದು ಸುತ್ತು ಹಾಕಲು ಎಷ್ಟು ಹೆಜ್ಜೆ ಎಂದು ಬರೆದರು. ಕೊನೆಗೆ ಷರಾ. ಹೀಗೆ ಅವರ ಮಾರ್ಗದ ನಲವತ್ತೇಳು ಕಟ್ಟಡಗಳನ್ನು ನೆನಪಿನಿಂದಲೇ ತುಂಬಿಸಿದರು. ಒಂದರಲ್ಲಿ 148, ಷರಾ: ಹಿಂದೆ ತೋಟ. ಇನ್ನೊಂದರಲ್ಲಿ 96, ಷರಾ: ಒಬ್ಬರೇ ವಾಸ. ಮೂವತ್ತೊಂದನೇ ಸಾಲಿನಲ್ಲಿ 264, ಷರಾ: ಹಿಂದೆ ಆಟದ ಅಂಗಳ, ನಡೆಯುವವರನ್ನು ಈವರೆಗೆ ನೋಡಿಲ್ಲ. ನಲವತ್ತೇಳನೆಯದು ನಮ್ಮ ಕಟ್ಟಡ. ಅದರಲ್ಲಿ 18, ಷರಾ: ಸುತ್ತು ಇಲ್ಲ, ಮಹಡಿಗೆ ಎಂಟು ಸಂಸಾರ, ಮೂಲೆಯಲ್ಲಿ ಉಬ್ಬಸದ ಅಜ್ಜಿ.

ಕೊನೆಗೆ ಎರಡೇ ವಾಕ್ಯ. ಮೇಲಿನ ನಲವತ್ತಾರು ಮನೆಯವರಿಗೆ ಆದೇಶದ ಪ್ರಕಾರ ನಡೆಯಲು ಜಾಗವಿದೆ. ನಲವತ್ತೇಳನೆಯವರಿಗೆ ಬೀದಿ ಕೊಡಬೇಕಾಗಿ ಕೋರಿಕೆ.

ನಾನು ಪ್ರಯೋಗಾಲಯದಲ್ಲಿ ಅನೇಕ ವರದಿಗಳನ್ನು ಬರೆದಿದ್ದೇನೆ. ಇಷ್ಟು ಸ್ಪಷ್ಟವಾದದ್ದನ್ನು ಬರೆದಿಲ್ಲ.

ಒಂದು ವಾರದ ನಂತರ ವಲಯಾಧಿಕಾರಿಗಳ ಕಚೇರಿಯಿಂದ ಕರೆ ಬಂತು. ಪಾಸ್ ಕೊಡುವ ಅಧಿಕಾರ ಅವರದ್ದೇ. ಅರ್ಜಿಗೆ ಬೆಲೆ ಬಂತು ಎಂದು ಮೀಟರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಪ್ರಯೋಗಾಲಯದ ವಾಹನ ಆ ದಾರಿಯಲ್ಲೇ ಹೋಗುತ್ತಿದ್ದುದರಿಂದ ನಾನೂ ಜೊತೆಗಿದ್ದೆ. ಅಧಿಕಾರಿಗಳು ಮೇಜಿನ ಮೇಲೆ ಆ ಹಾಳೆ ಹರಡಿಕೊಂಡು ಕುಳಿತಿದ್ದರು. ಮೂವತ್ತೊಂದನೇ ಸಾಲಿಗೆ ಕೆಂಪು ಗುರುತು ಹಾಕಿತ್ತು.

"ಯಾರ್ರೀ ನಿಮಗೆ ಹೇಳಿದ್ದು ನನ್ನ ಮನೆ ಅಳೆಯೋಕೆ?"

ಮೀಟರಣ್ಣ ಹಾಳೆ ನೋಡಿದರು, ಅಧಿಕಾರಿಗಳನ್ನು ನೋಡಿದರು. "ಯಾವುದು ಸಾರ್ ನಿಮ್ಮ ಮನೆ?"

"ನಾಟಕ ಆಡ್ಬೇಡಿ. ಆಟದ ಅಂಗಳ ಅಂತೆ, ನಡೆಯೋರು ಇಲ್ಲ ಅಂತೆ. ನನ್ನನ್ನ ಹಂಗಿಸೋಕೆ ಬರೆದಿದ್ದೀರಾ?"

"ಓ, ಮೂವತ್ತೊಂದಾ ಸಾರ್?" ಮೀಟರಣ್ಣನ ಮುಖದಲ್ಲಿ ಬೆಳಕು ಮೂಡಿತು. "ನಿಮ್ಮದಾ ಅದು? ಅಲ್ಲಿ ಮೀಟರಿನ ಗಾಜು ಒಡೆದಿದೆ ಸಾರ್. ಎರಡು ಸಲ ಷರಾ ಬರೆದುಕೊಟ್ಟೆ, ಯಾರೂ ಬಂದು ಹಾಕಲಿಲ್ಲ. ಮಣ್ಣು ಹೋಗಿ ಮುಳ್ಳು ನಿಂತುಬಿಡುತ್ತೆ."

ನನಗೆ ಮುಖಗವಸಿನೊಳಗೆ ನಗು ತಡೆಯುವುದು ಕಷ್ಟವಾಯಿತು. ಅಧಿಕಾರಿಗಳಿಗೆ ನಗು ಬರಲಿಲ್ಲ. ಇಲಾಖೆಯ ಕೆಲಸದಲ್ಲಿ ತಿಳಿದ ಮಾಹಿತಿಯನ್ನು ಸ್ವಂತಕ್ಕೆ ಬಳಸಿದ್ದೀರಿ, ನೋಟಿಸ್ ಕೊಡಬಹುದು ಎಂದರು. ಮೀಟರಣ್ಣ ತಲೆ ತಗ್ಗಿಸಿ ನಿಂತರು. ಅವರು ಸಂಖ್ಯೆಗಳನ್ನು ಬರೆದಿದ್ದರು. ಸಂಖ್ಯೆಯ ಹಿಂದೆ ಇಂಥ ಒಬ್ಬರು ಕುಳಿತಿರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅಧಿಕಾರಿಗಳು ಕೆಟ್ಟವರೇನಲ್ಲ. ಸ್ವಲ್ಪ ಹೊತ್ತಿಗೆ ತಣ್ಣಗಾಗಿ ವೈದ್ಯರ ಚೀಟಿ ಓದಿದರು. ಕನ್ನಡಕ ತೆಗೆದಿಟ್ಟರು.

"ನೋಡಿ, ನಿಯಮ ಎಲ್ಲರಿಗೂ ಒಂದೇ. ನಿಮಗೊಬ್ಬರಿಗೆ ನಡಿಗೆಗೆ ಅಂತ ಕೊಟ್ರೆ ನಾಳೆ ಊರೆಲ್ಲ ಸಾಲು ನಿಲ್ಲುತ್ತೆ. ಒಂದು ಕೆಲಸ ಮಾಡೋಣ. ಮೀಟರ್ ರೀಡಿಂಗ್ ಡ್ಯೂಟಿ ಅಂತ ಪಾಸ್ ಬರೆಸ್ತೀನಿ. ಬೆಳಿಗ್ಗೆ ಚೀಲ ಹಾಕ್ಕೊಂಡು ಎಷ್ಟು ಬೇಕಾದ್ರೂ ನಡ್ಕೊಳ್ಳಿ. ಯಾರು ಕೇಳ್ತಾರೆ?"

"ರೀಡಿಂಗ್ ನಿಲ್ಲಿಸಿದ್ದಾರಲ್ಲ ಸಾರ್."

"ಅದು ನನಗೂ ಗೊತ್ತು."

"ಹಾಗಾದ್ರೆ ಅದು ಸುಳ್ಳು ಪಾಸ್ ಆಗುತ್ತೆ."

"ಹೆಸರಿಗೆ ಏನೋ ಒಂದು ಅಂತ ಇಟ್ಕೊಳ್ಳಿ."

ಮೀಟರ್ ಓದುವವರಲ್ಲಿ ಕೆಲವರು ಬಿಸಿಲು ಹೆಚ್ಚಾದಾಗ ನೆರಳಿನಲ್ಲಿ ಕುಳಿತು, ಹೋಗದ ಮನೆಗಳಿಗೆ ಅಂದಾಜಿನ ಅಂಕಿ ತುಂಬುತ್ತಾರೆ. ಇಲಾಖೆಯಲ್ಲಿ ಇದು ಎಲ್ಲರಿಗೂ ಗೊತ್ತು. ಮೀಟರಣ್ಣ ಒಮ್ಮೆಯೂ ಹಾಗೆ ಮಾಡಿದವರಲ್ಲ. ಹಾಗೆ ಮಾಡುವವರ ಜೊತೆ ಊಟಕ್ಕೂ ಕೂರುವುದಿಲ್ಲ.

"ಕಾಲಿಗೆ ಅಂತ ಬರೆದುಕೊಡಿ ಸಾರ್. ಚೀಟಿ ಇದೆ, ಕಾಲು ಇದೆ, ಎರಡೂ ನಿಜ. ನಿಜ ಇರುವಾಗ ಸುಳ್ಳು ಯಾಕೆ ಬರೀಬೇಕು?"

"ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ."

"ನಾಯಿಗೆ ಜಾಗ ಮಾಡಿದ್ದೀರಲ್ಲ ಸಾರ್."

ಅದು ಅವರ ಬಾಯಿಂದ ನಾನು ಕೇಳಿದ ಮೊದಲ ಕೋಪದ ಮಾತು. ಧ್ವನಿ ಏರಿರಲಿಲ್ಲ. ಅಧಿಕಾರಿಗಳು ಹಾಳೆಯನ್ನು ಮಡಚಿ ಬದಿಗಿಟ್ಟರು. ಮಾತು ಮುಗಿಯಿತು.

ಮನೆಯಲ್ಲಿ ಮೀಟರಕ್ಕನ ಧ್ವನಿ ಏರಿತು. ಎರಡು ಮಹಡಿ ಕೆಳಗಿದ್ದ ನನಗೂ ಕೇಳುವಷ್ಟು.

"ಕೊಡ್ತೀನಿ ಅಂದ್ರಂತೆ, ಬೇಡ ಅಂದ್ರಂತೆ. ಅಲ್ಲಾ ರೀ, ಕಾಲು ಹೋದಮೇಲೆ ನಿಮ್ಮ ಸತ್ಯ ನಿಮ್ಮನ್ನ ಹೊತ್ಕೊಂಡು ಓಡಾಡುತ್ತಾ?"

"ಸುಳ್ಳು ಪಾಸ್ ತಗೊಂಡ್ರೆ ನನ್ನ ಕಾಲಿಗೆ ಬೀದಿ ಬೇಕು ಅಂತ ಯಾರಿಗೂ ಗೊತ್ತಾಗಲ್ಲ ಕಣೇ. ರೀಡಿಂಗಿಗೆ ಹೋಗಿದ್ದ ಅಂತ ಬರ್ಕೊಳ್ತಾರೆ."

"ಬರ್ಕೊಳ್ಳಲಿ. ನಿಮಗೇನು ಪಾರಿತೋಷಕ ಕೊಡ್ತಾರಾ?"

"ಮೂಲೆಮನೆ ಅಜ್ಜಿಗೆ ಗಾಳಿ ಬೇಕು. ಕೆಳಗಡೆ ಆ ಹುಡುಗಿ ಏಳು ತಿಂಗಳ ಬಸುರಿ, ಅವಳಿಗೂ ನಡೀ ಅಂದಿದ್ದಾರೆ. ಅವರು ಯಾವ ಮೀಟರ್ ಓದ್ತೀವಿ ಅಂತ ಬರೆಸ್ಬೇಕು?"

ಮಾರನೆಯ ಬೆಳಿಗ್ಗೆ ಐದೂವರೆಗೆ ಮೆಟ್ಟಿಲಲ್ಲಿ ಎರಡು ಜೊತೆ ಚಪ್ಪಲಿಯ ಸದ್ದಾಯಿತು. ಬಾಗಿಲು ತೆರೆದು ನೋಡಿದೆ. ಮುಂದೆ ಮೀಟರಣ್ಣ. ಎರಡು ಮೀಟರ್ ಹಿಂದೆ ಮೀಟರಕ್ಕ, ಕೈಯಲ್ಲಿ ಪ್ಲಾಸ್ಟಿಕ್ ಸ್ಟೂಲು.

"ಇವರ ಹಟ ಇವರಿಗೆ," ಎಂದರು ನನಗೆ. "ನೋವು ಬಂದಾಗ ಕೂರೋಕಾದ್ರೂ ಏನಾದ್ರೂ ಬೇಕಲ್ಲ."

ಅಡ್ಡಗಟ್ಟೆಯ ತನಕ ಮುನ್ನೂರ ತೊಂಬತ್ತು ಹೆಜ್ಜೆ, ಇನ್ನೂರ ಎಪ್ಪತ್ತಮೂರು ಮೀಟರ್. ಆ ದಿನ ಎಂಬತ್ತು ಮೀಟರಿಗೇ ನೋವು ಬಂತು. ಮೂರು ಕಡೆ ಸ್ಟೂಲಿನ ಮೇಲೆ ಕುಳಿತರು. ಅಲ್ಲಿ ಅದೇ ಪೇದೆ.

"ಮತ್ತೆ ಬಂದ್ರಾ? ಇವತ್ತು ಬರೀಲೇಬೇಕಾಗುತ್ತೆ ನಾನು."

"ಬರೀರಿ ಸಾರ್. ಬರೆಸೋಕೇ ಬಂದೆ."

ಪೇದೆ ದಫ್ತರು ತೆಗೆದು ಬರೆದರು. ಕಾರಣದ ಅಂಕಣದಲ್ಲಿ 'ಅನಗತ್ಯ ಓಡಾಟ' ಎಂದಿತ್ತು. ಮೀಟರಣ್ಣ ಬಗ್ಗಿ ನೋಡಿದರು. ತಲೆಕೆಳಗಾದ ಬರಹ ಅವರಿಗೆ ತೊಡಕಲ್ಲ.

"ಅನಗತ್ಯ ಅಲ್ಲ ಸಾರ್. ವೈದ್ಯರು ಹೇಳಿದ ನಡಿಗೆ ಅಂತ ಹಾಕಿ."

"ನನ್ನ ಹತ್ರ ಇರೋದು ಎರಡೇ. ಅಗತ್ಯ, ಅನಗತ್ಯ. ಅಗತ್ಯ ಅಂತ ಬರೆದ್ರೆ ಪಾಸ್ ನಂಬರ್ ಹಾಕ್ಬೇಕು."

"ಷರಾ ಬರೆಯೋಕೆ ಜಾಗ ಇದೆಯಲ್ಲ, ಅಲ್ಲಿ ಹಾಕಿ."

ಪೇದೆ ಸ್ವಲ್ಪ ಯೋಚಿಸಿ ಷರಾದಲ್ಲಿ ಬರೆದರು: ಕಾಲುನೋವಿನ ಚೀಟಿ ತೋರಿಸಿದರು, ದಾರಿಯಲ್ಲಿ ಮೂರು ಕಡೆ ಕುಳಿತರು. ಆಮೇಲೆ ಮೀಟರಕ್ಕನ ಕಡೆ ತಿರುಗಿದರು. "ನಿಮ್ಮದು ಏನು ಕಾರಣ ಅಮ್ಮಾ?"

"ನಾಯಿಗೆ ಪಾಸ್ ಇದೆಯಂತಲ್ಲ. ಇವರನ್ನ ನಾಯಿ ಅಂತ ಬರ್ಕೊಳ್ಳಿ, ನಾನು ಹಿಡ್ಕೊಂಡು ಬಂದಿದ್ದೀನಿ."

ಪೇದೆ ನಕ್ಕರು. ನಕ್ಕರೂ ಮೀಟರಕ್ಕನ ಹೆಸರನ್ನೂ ಬರೆದುಕೊಂಡರು.

ಹೀಗೆ ಅವರಿಬ್ಬರೂ ಇಪ್ಪತ್ತೊಂದು ದಿನ ನಡೆದರು. ಹನ್ನೊಂದು ದಿನ ಆ ಪೇದೆಯ ಪಾಳಿ. ಹನ್ನೊಂದೂ ದಿನ ಬರೆಸಿಕೊಂಡರು. ಉಳಿದ ಹತ್ತು ದಿನ ಬೇರೆಯವರ ಪಾಳಿ. ಅವರು ಇವರನ್ನು ನೋಡಿದ ಕೂಡಲೇ ಮೊಬೈಲಿಗೆ ಮುಖ ತಗ್ಗಿಸುತ್ತಿದ್ದರು. ಅದೇ ಬೀದಿ, ಅದೇ ಕಾಲು, ಅದೇ ಆದೇಶ. ಒಂದು ದಿನ ಅಪರಾಧ, ಮಾರನೇ ದಿನ ಏನೂ ಅಲ್ಲ. ಎಲ್ಲರಿಗೂ ಒಂದೇ ಎಂದು ವಲಯಾಧಿಕಾರಿಗಳು ಹೇಳಿದ್ದ ನಿಯಮ ಇದು.

ಪೇದೆಯ ದಫ್ತರಿನಲ್ಲಿ ಮೊದಲ ಐದು ನಮೂದುಗಳಲ್ಲಿ ಮೂರು ಕಡೆ ಕುಳಿತರು ಎಂದಿದೆ. ಆರನೆಯದರಿಂದ ಎರಡು ಕಡೆ. ಎಂಟನೆಯದರಲ್ಲಿ ಪೇದೆಯೇ ಕೇಳಿ ಬರೆದಂತಿದೆ: ಇಂದು ನೂರೆಂಟು ಮೀಟರ್ ಎನ್ನುತ್ತಾರೆ. ಆದೇಶ ಸಡಿಲವಾದ ಐವತ್ತೊಂದನೇ ದಿನ ದೂರ ನೂರ ಹದಿನೆಂಟು ಮೀಟರ್ ಆಗಿತ್ತು. ಸಡಿಲಿಸಿದ್ದು ಹೇಗೆಂದರೆ, ಬೆಳಿಗ್ಗೆ ಆರರಿಂದ ಎಂಟರವರೆಗೆ ಎಲ್ಲರೂ ನಡೆಯಬಹುದು ಎಂಬ ಒಂದು ಸಾಲಿನಿಂದ. ಆ ಸಾಲನ್ನು ಮೊದಲ ದಿನವೇ ಬರೆಯಲು ಏನು ಅಡ್ಡಿಯಿತ್ತು ಎಂದು ಯಾರೂ ಹೇಳಲಿಲ್ಲ. ಆ ವಾರ ರೋಗಿಗಳ ಸಂಖ್ಯೆ ಮೊದಲ ವಾರಕ್ಕಿಂತ ಹೆಚ್ಚೇ ಇತ್ತು.

ನಾನು ಹೇಳಬಹುದಾದದ್ದನ್ನು ಮಾತ್ರ ಹೇಳುತ್ತೇನೆ. ಮುಂದಿನ ನಾಲ್ಕು ತಿಂಗಳು ಮೀಟರಣ್ಣ ಒಂದು ದಿನವೂ ಬಿಡದೆ ನಡೆದರು. ದೂರ ಇನ್ನೂರಹತ್ತಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೇರಲಿಲ್ಲ. ನಡಿಗೆ ನಿಲ್ಲದೇ ಇದ್ದಿದ್ದರೆ ಮುನ್ನೂರು ಮುಟ್ಟುತ್ತಿತ್ತೇ? ವೈದ್ಯರು ಖಚಿತವಾಗಿ ಹೇಳಲಾರರು, ನಾನೂ ಹೇಳಲಾರೆ. ಒಬ್ಬ ಮನುಷ್ಯ, ಒಂದು ಕಾಲು. ಹೋಲಿಸಲು ಇನ್ನೊಂದು ಇಲ್ಲ. ಆದರೆ ನಿಲ್ಲುವ ಮೊದಲು ಏರುತ್ತಿತ್ತು, ನಿಂತಾಗ ಇಳಿಯಿತು, ನಡೆದಾಗ ಮತ್ತೆ ಏರಿತು. ಹಾಳೆಯಲ್ಲಿ ತಾರೀಖು ಸಮೇತ ಇದೆ. ಯೋಗ್ಯತಾಪತ್ರ ಸಿಗಲಿಲ್ಲ. ಅವರನ್ನು ಕುರ್ಚಿಗೆ ಹಾಕಿದರು. ಬೀಗ ಹಾಕಿದ ಮನೆಗಳಿಗೆ ಹಿಂದಿನ ತಿಂಗಳುಗಳ ಸರಾಸರಿ ನೋಡಿ ಅಂಕಿ ತುಂಬುವ ಕೆಲಸ ಈಗ ಅವರದ್ದು. ದಿನಕ್ಕೆ ಇನ್ನೂರು ಮನೆ, ಒಂದು ಹೆಜ್ಜೆಯೂ ಇಲ್ಲ. ಆ ಕೆಲಸ ಹೇಗಿದೆ ಎಂದು ನಾನು ಕೇಳಿಲ್ಲ. ಕೇಳುವ ಧೈರ್ಯವಾಗಿಲ್ಲ.

ಲಾಕ್‌ಡೌನ್ ಹೋಯಿತು, ಆದರೆ ದಫ್ತರು ಹೋಗಲಿಲ್ಲ. ಒಂದೂವರೆ ವರ್ಷದ ನಂತರ ಇಬ್ಬರಿಗೂ ನ್ಯಾಯಾಲಯದ ಸಮನ್ಸ್ ಬಂತು.

ಅಂಥ ಪ್ರಕರಣಗಳನ್ನು ಒಂದೇ ದಿನ ಮುಗಿಸುವ ಏರ್ಪಾಟು ಮಾಡಿದ್ದರು. ಹೆಸರು ಕೂಗುತ್ತಾರೆ, ತಪ್ಪಾಯಿತು ಎನ್ನಬೇಕು, ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ. ಒಂದು ಗಂಟೆಯಲ್ಲಿ ನಲವತ್ತು ಜನ ತಪ್ಪಾಯಿತು ಎಂದು ಹೇಳಿ ಹೋದರು. ಅವರಲ್ಲಿ ಸೈಕಲ್ ತುಳಿದವರಿದ್ದರು, ಮಗುವನ್ನು ಬಿಸಿಲಿಗೆ ಎತ್ತಿಕೊಂಡು ಬಂದ ಒಬ್ಬ ತಾಯಿಯೂ ಇದ್ದರು. ಮೀಟರಣ್ಣನ ಸರದಿ ಬಂತು.

"ತಪ್ಪಾಗಿಲ್ಲ ಮೇಡಂ," ಎಂದರು.

ನ್ಯಾಯಾಧೀಶೆ ತಲೆ ಎತ್ತಿ ನೋಡಿದರು. "ಹನ್ನೊಂದು ಸಲ ಹೊರಗೆ ಬಂದಿದ್ದೀರಿ ಅಂತಿದೆಯಲ್ಲ."

"ಇಪ್ಪತ್ತೆರಡು ಸಲ. ಹನ್ನೊಂದು ಬರೆದಿಲ್ಲ."

ನ್ಯಾಯಾಲಯದಲ್ಲಿ ನಗು ಹರಡಿತು. ಮೀಟರಕ್ಕನನ್ನು ಕೇಳಿದಾಗ, "ಅವರದ್ದು ತಪ್ಪಾಗಿದ್ರೆ ನನ್ನದೂ ತಪ್ಪು. ಅವರದ್ದು ಅಲ್ಲ ಅಂದ್ರೆ ನನ್ನದು ಬರೀ ಸ್ಟೂಲು," ಎಂದರು. ನ್ಯಾಯಾಧೀಶೆ ನಗಲಿಲ್ಲ. ದಫ್ತರಿನ ಷರಾಗಳನ್ನು ಒಂದೊಂದಾಗಿ ಓದಿಸಿದರು. ನಲವತ್ತೇಳು ಸಾಲಿನ ಅರ್ಜಿಯನ್ನೂ ತರಿಸಿ ಓದಿದರು. ನಂತರ ವಲಯ ಕಚೇರಿಗೆ ಬರೆದರು: ಖಾಲಿ ರಸ್ತೆಯಲ್ಲಿ ಒಬ್ಬರೇ ನಡೆಯುವುದನ್ನು ಯಾವ ಆಧಾರದ ಮೇಲೆ ನಿಷೇಧಿಸಿದಿರಿ, ಸ್ವಂತ ಆವರಣ ಇಲ್ಲದವರು ಏನು ಮಾಡಬೇಕೆಂದು ಯೋಚಿಸಿದ್ದಿರಿ, ಲಿಖಿತವಾಗಿ ತಿಳಿಸಿ.

ಇದಾಗಿ ಐದು ತಾರೀಖುಗಳು ಕಳೆದಿವೆ. ಪ್ರತಿ ಸಲವೂ ಕಚೇರಿಯ ಗುಮಾಸ್ತರೊಬ್ಬರು ಬಂದು ಇನ್ನಷ್ಟು ಸಮಯ ಕೇಳುತ್ತಾರೆ. ಬಸ್ ನಿಲ್ದಾಣದಿಂದ ನ್ಯಾಯಾಲಯಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಮೀಟರಣ್ಣ ದಾರಿಯಲ್ಲಿ ಐದಾರು ಕಡೆ ನಿಂತು ನಡೆದೇ ಬರುತ್ತಾರೆ. ಕಳೆದ ಸಲ ನಾನೂ ರಜೆ ಹಾಕಿ ಹೋಗಿದ್ದೆ.

"ಕಡತ ಸಿಗ್ತಿಲ್ಲ ಮೇಡಂ, ಇನ್ನೊಂದು ತಾರೀಖು ಬೇಕು," ಎಂದರು ಗುಮಾಸ್ತರು.

ನ್ಯಾಯಾಧೀಶೆ ತಾರೀಖು ಬರೆದು ಮೀಟರಣ್ಣನ ಕಡೆ ನೋಡಿದರು. "ನಿಮಗೆ ನಡೆಯೋದು ಕಷ್ಟ ಅಂತ ಕಡತದಲ್ಲೇ ಇದೆ. ಮುಂದಿನ ಸಲದಿಂದ ನೀವು ಬರಬೇಕಾಗಿಲ್ಲ. ನ್ಯಾಯಾಲಯದಿಂದ ನಿಮಗೆ ಕೊಟ್ಟಿರೋ ವಕೀಲರು ಬಂದ್ರೆ ಸಾಕು."

"ನಾನು ಬರ್ತೀನಿ ಮೇಡಂ," ಎಂದರು ಮೀಟರಣ್ಣ. "ಬರಬೇಡ ಅಂತ ಮಾತ್ರ ಆದೇಶ ಮಾಡ್ಬೇಡಿ."